ಹಬ್ಬಕ್ಕೆ ತೊಳೆದ ಚರ್ಮ

ನಮ್ಮ ಊರ ಹತ್ತಿರ ಮೊದಲ ಸಲ ವಿಮಾನ ಬಿದ್ದಾಗ ನನಗೆ ಹದಿನಾರು ವರ್ಷ. ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆಯಿಂದ ಒಳಗೆ, ಕೆರೆಯ ಹಿಂದಿನ ಗೋಮಾಳವನ್ನು ಮಟ್ಟ ಮಾಡಿ, ಸಣ್ಣ ವಿಮಾನಗಳು ಇಳಿಯಲೆಂದು ಕೆಂಪು ಮಣ್ಣಿನ ದಾರಿ ಮಾಡಿದ್ದರು. ಒಂದು ತಗಡಿನ ಶೆಡ್ಡು, ಒಂದು ಕಂಬ, ಕಂಬದ ತುದಿಯಲ್ಲಿ ಗಾಳಿ ಎತ್ತ ಬೀಸುತ್ತಿದೆ ಎಂದು ತೋರಿಸುವ ಬಟ್ಟೆಯ ಚೀಲ. ಇಷ್ಟಕ್ಕೇ ಊರಿನವರು ಅದನ್ನು ಏರೋಡ್ರಮ್ ಎನ್ನುತ್ತಿದ್ದರು. ಮೂಗಿನಲ್ಲಿ ಒಂದೇ ಫ್ಯಾನು ತಿರುಗುವ, ಒಬ್ಬರೋ ಇಬ್ಬರೋ ಕೂರುವ ವಿಮಾನಗಳು. ಹಾರುವುದನ್ನು ಕಲಿಯುವವರು ಬೆಂಗಳೂರಿನಿಂದ ಬರುತ್ತಿದ್ದರು. ಬೆಳೆಗೆ ಹುಳು ಬೀಳುವ ಕಾಲದಲ್ಲಿ ಔಷಧಿ ಹೊಡೆಯುವ ಕಂಪನಿಯೊಂದರ ಎರಡು ಹಳದಿ ವಿಮಾನಗಳು ಬಂದು ತಿಂಗಳುಗಟ್ಟಲೆ ನಿಲ್ಲುತ್ತಿದ್ದವು. ಅರವತ್ತರ ದಶಕದ ಕೊನೆಯ ವರ್ಷಗಳು ಅವು.

ನನ್ನ ಅಣ್ಣ ಆ ಕಂಪನಿಯಲ್ಲಿ ವಿಮಾನಕ್ಕೆ ಪೆಟ್ರೋಲು ತುಂಬುವ ಕೆಲಸದಲ್ಲಿದ್ದ. ನನಗಿಂತ ಎಂಟು ವರ್ಷ ದೊಡ್ಡವನು. ಅಪ್ಪ ತೀರಿಕೊಂಡ ಮೇಲೆ ಹೊಲವನ್ನು ಪಾಲಿಗೆ ಕೊಟ್ಟು, ಲಾರಿ ರಿಪೇರಿ ಶೆಡ್ಡಿನಲ್ಲಿ ಕೆಲಸ ಕಲಿತು, ಅಲ್ಲಿಂದ ಇಲ್ಲಿಗೆ ಬಂದಿದ್ದ. ನನ್ನನ್ನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಡಿಸಿದ್ದರು. ಹೊರಗಿನ ವಿಷಯ ಏನು ತಿಳಿಯಬೇಕಾದರೂ ನನಗೆ ಅಣ್ಣನೇ ಆಗಬೇಕಿತ್ತು.

ಆ ಮೊದಲ ಸಲ ಬಿದ್ದದ್ದು ಕಲಿಯುವವನೊಬ್ಬನ ವಿಮಾನ. ಕೆರೆ ಏರಿಯ ಆಚೆ ರಾಗಿ ಹೊಲದಲ್ಲಿ ಮೂಗು ಹೂತು ನಿಂತಿತ್ತು. ಅವನು ಕಾಲು ಮುರಿದುಕೊಂಡು ಬದುಕಿದ. ಕೆರೆಯ ಗಂಗಮ್ಮನ ತಲೆಯ ಮೇಲೆ ಹಾರಾಡಿದರೆ ಅವಳು ಸುಮ್ಮನಿರುತ್ತಾಳೆಯೇ ಎಂದು ಊರೆಲ್ಲ ಮಾತಾಡಿತು. ಅಣ್ಣ ಮಾತ್ರ ಮಧ್ಯಾಹ್ನವಿಡೀ ಆ ಹೊಲದಲ್ಲಿ ಸುತ್ತಿ, ಕೈಯಲ್ಲಿ ಒಂದು ತುಂಡು ತಂತಿ ಹಿಡಿದುಕೊಂಡು ಬಂದ.

"ಗಂಗಮ್ಮನಿಗೆ ಬೇರೆ ಕೆಲ್ಸ ಇಲ್ವಾ? ಹೋದ ವಾರ ಗೌಡ್ರ ಪಂಪ್‌ಸೆಟ್ಟಿಗೆ ಕರೆಂಟು ಎಳೆದ್ರಲ್ಲ, ಆ ತಂತಿ ಇದು. ಏರೋಡ್ರಮ್ಮಿನೋರಿಗೆ ಯಾರೂ ಒಂದ್ಮಾತು ಹೇಳಿಲ್ಲ. ಮೇಲಿಂದ ನೋಡಿದ್ರೆ ಕಂಬ ಕಾಣ್ತದೆ, ತಂತಿ ಕಾಣಲ್ಲ ಕಣಮ್ಮ" ಎಂದ.

ಎರಡನೆಯದು ಮರುವರ್ಷ, ಔಷಧಿಯ ವಿಮಾನ. ದಾರಿಯ ಕೊನೆಯವರೆಗೂ ಓಡಿ, ಎದ್ದೂ ಏಳದ ಹಾಗೆ ಹೋಗಿ, ಹುಣಸೆ ಮರಕ್ಕೆ ರೆಕ್ಕೆ ಹರಿದುಕೊಂಡು ಬಿತ್ತು. ಯಾರೂ ಸಾಯಲಿಲ್ಲ, ಆದರೆ ಆ ಮರದ ಜೇನೆಲ್ಲ ಸತ್ತು ಉದುರಿತು. ಅದಕ್ಕೂ ಅಣ್ಣನ ಬಳಿ ಕಾರಣವಿತ್ತು. "ಬಿಸಿಲೇರಿದ್ರೆ ಗಾಳಿ ತೆಳ್ಳಗಾಗ್ತದೆ. ಬೆಳಗ್ಗೆ ಎತ್ತಿದ ಭಾರಾನ ಮಧ್ಯಾಹ್ನ ಎತ್ತಕ್ಕಾಗಲ್ಲ. ಮ್ಯಾನೇಜರು, ಇನ್ನೊಂದಿಷ್ಟು ಔಷ್ದಿ ಸುರೀರಿ, ಒಂದೇ ಸುತ್ತಲ್ಲಿ ಮುಗೀಲಿ ಅಂದ್ರು. ಸುರಿದ್ರು. ಅಷ್ಟೇ."

ಯಾವುದು ಬಿದ್ದರೂ ಅದಕ್ಕೆ ಮುಂಚೆ ಯಾರೋ ಏನೋ ಮಾಡಿರುತ್ತಾರೆ, ಇಲ್ಲವೇ ಮಾಡದೆ ಬಿಟ್ಟಿರುತ್ತಾರೆ. ಅಣ್ಣ ನಂಬಿದ್ದು ಇದೊಂದನ್ನೇ. ನಾನು ರೊಟ್ಟಿ ತಟ್ಟುತ್ತಿದ್ದರೆ ಒಲೆಯ ಪಕ್ಕ ಕುಳಿತು ಅವನ ಕೆಲಸದ ವಿಷಯವನ್ನೆಲ್ಲ ಹೇಳುತ್ತಿದ್ದ. ವಿಮಾನಕ್ಕೆ ಇರುವ ದೊಡ್ಡ ಶತ್ರು ನೀರು ಎಂದು ನನಗೆ ತಿಳಿದದ್ದು ಹಾಗೆಯೇ. ಪೆಟ್ರೋಲು ಲಾರಿಯಲ್ಲಿ ಡ್ರಮ್ಮುಗಳಲ್ಲಿ ಬರುತ್ತಿತ್ತು. ಡ್ರಮ್ಮಿನ ತಳದಲ್ಲಿ ಹೇಗೋ ನೀರು ಸೇರಿರುತ್ತದೆ. ಅದು ಇಂಜಿನ್ನಿಗೆ ಹೋದರೆ ಇಂಜಿನ್ನು ಮೇಲೆಯೇ ನಿಂತುಬಿಡುತ್ತದೆ. ಅದಕ್ಕೇ ಪೆಟ್ರೋಲನ್ನು ಒಂದು ಮೆತ್ತನೆಯ ಚರ್ಮದಲ್ಲಿ ಸೋಸಿ ತುಂಬಬೇಕು. ಏರೋಡ್ರಮ್ಮಿನವರು ಅದನ್ನು ಶ್ಯಾಮಿ ಎನ್ನುತ್ತಿದ್ದರು. ಬೆಣ್ಣೆಯ ಬಣ್ಣದ, ಸೆರಗಿನಷ್ಟು ಅಗಲದ ಚರ್ಮ. ಅದನ್ನು ಆಲಿಕೆಯ ಬಾಯಿಗೆ ಹಾಸಿ ಪೆಟ್ರೋಲು ಸುರಿದರೆ ಪೆಟ್ರೋಲು ಇಳಿಯುತ್ತದೆ, ನೀರು ಮೇಲೇ ಗುಂಡುಗುಂಡಾಗಿ ನಿಲ್ಲುತ್ತದೆ.

"ಆದ್ರೆ ಅದಕ್ಕೆ ಮೊದಲು ಪೆಟ್ರೋಲೇ ಕುಡಿಸ್ಬೇಕು. ಮೊದಲು ನೀರು ಕುಡಿಸಿದ್ರೆ ನೀರನ್ನೇ ಬಿಡ್ತದೆ. ನಮ್ಮ ಪಂಚಾಯ್ತಿ ಮೆಂಬರ್ ಇದ್ದಂಗೆ ಕಣಮ್ಮ ಈ ಶ್ಯಾಮಿ. ಮೊದಲು ಯಾರು ಕುಡಿಸ್ತಾರೋ ಅವ್ರ ಕಡೆ" ಎಂದು ಅಣ್ಣ ನಗಿಸಿದ್ದ. ಆ ಮಾತು ನನಗೆ ತಮಾಷೆಯಾಗಿ ನೆನಪಿತ್ತು. ಎಚ್ಚರಿಕೆಯಾಗಿ ಮನಸ್ಸಿಗೆ ನಾಟಿರಲಿಲ್ಲ.

ಆ ವರ್ಷ ನನಗೆ ಹದಿನೆಂಟು. ಹಿಂದಾಗಿ ಬಿತ್ತಿದ ಕಡ್ಲೆಕಾಯಿಗೆ ಹುಳು ಬಿದ್ದು, ಹಳದಿ ವಿಮಾನಗಳು ದಸರೆಯವರೆಗೂ ಉಳಿದಿದ್ದವು. ಒಂದರ ಪೈಲಟ್ಟು ಸೇಲಂ ಕಡೆಯವರು, ಅಣ್ಣನ ವಯಸ್ಸಿನವರೇ. ತಮಿಳು ಬೆರೆಸಿ ಕನ್ನಡ ಮಾತಾಡುತ್ತಿದ್ದರು. ಒಂದು ಭಾನುವಾರ ಅಣ್ಣ ಅವರನ್ನು ಮನೆಗೆ ಊಟಕ್ಕೆ ಕರೆತಂದಿದ್ದ. ಮುದ್ದೆಯನ್ನು ಬೆರಳಲ್ಲಿ ಒತ್ತಿ ನೋಡಿ, "ತಂಗಚ್ಚಿ, ಇದು ತಿಂದರೆ ನಾಳೆ ನನ್ನ ವಿಮಾನ ಮೇಲೆ ಏಳೋದೇ ಇಲ್ಲ" ಎಂದರು. ಎಂದವರು ಎರಡು ಮುದ್ದೆ ಉಂಡರು.

ವಿಜಯದಶಮಿಯ ದಿನ ಮಧ್ಯಾಹ್ನ ನನ್ನನ್ನು ನೋಡಲು ಅನುಗೊಂಡನಹಳ್ಳಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಒಳ್ಳೆಯ ದಿನವೆಂದು ಅವರೇ ಗೊತ್ತು ಮಾಡಿದ್ದರು. ಅದರ ಹಿಂದಿನ ದಿನ ಆಯುಧಪೂಜೆ. ಅಣ್ಣ ತನ್ನ ಸಾಮಾನಿನ ತಗಡಿನ ಪೆಟ್ಟಿಗೆಯನ್ನು ಪೂಜೆಗೆಂದು ಮನೆಗೆ ತಂದಿಟ್ಟು, ಬೆಳಗ್ಗೆಯೇ ಶೆಡ್ಡಿನ ಪೂಜೆಗೆ ಹೋಗಿದ್ದ. ಪೆಟ್ಟಿಗೆಯಲ್ಲಿ ಸ್ಪ್ಯಾನರುಗಳು, ಆಲಿಕೆ, ಮಡಿಸಿಟ್ಟ ಶ್ಯಾಮಿ.

ಅಮ್ಮ ಬಾಗಿಲಿಂದ ಪೆಟ್ಟಿಗೆಯ ಒಳಗೆ ಇಣುಕಿ ಮೂಗು ಮುಚ್ಚಿಕೊಂಡಳು. "ಎಲ್ಲಾ ತೊಳೆದು ಇಡವ್ವ. ಆ ತೊಗಲನ್ನೂವೆ. ಯಾವ ಪ್ರಾಣೀದೋ ಏನೋ, ಹಂಗೇ ದೇವರ ಮುಂದೆ ಇಡ್ತೀಯಾ?"

"ಅದಕ್ಕೆ ನೀರು ಸೋಕಿಸ್ಬಾರದಂತಮ್ಮ."

"ಒಣಗಿದ್ರೆ ಆಯ್ತಪ್ಪ. ಒಣಗಿದ ಮೇಲೆ ಅದಕ್ಕೇನು ಗೊತ್ತಾಗ್ತದೆ ತೊಳೆದಿದ್ದು?"

ನನಗೂ ಅದು ಸರಿಯೆನಿಸಿತು. ಸ್ಪ್ಯಾನರುಗಳನ್ನು ಹುಣಸೆಹಣ್ಣು ಹಚ್ಚಿ ಉಜ್ಜಿದೆ. ಶ್ಯಾಮಿಯನ್ನು ಸೀಗೆಕಾಯಿ ಹಾಕಿ ಮೂರು ಸಲ ತೊಳೆದೆ. ಇಷ್ಟು ಬೆಳ್ಳಗಾದದ್ದನ್ನು ನೋಡಿ ಅಣ್ಣ ಹೊಗಳುತ್ತಾನೆ ಎಂದುಕೊಂಡು ಹೆಂಚಿನ ಮೇಲೆ ಹರಡಿದೆ. ಮಧ್ಯಾಹ್ನದ ಮೇಲೆ ತುಂತುರು ಶುರುವಾಯಿತು. ಒಳಗೆ ತಂದು ಒಲೆಯ ಹತ್ತಿರ ಹಗ್ಗಕ್ಕೆ ಹಾಕಿದೆ. ಸಂಜೆ ಪೂಜೆಗೆ ಮುಟ್ಟಿ ನೋಡಿದಾಗ ಒಣಗಿದ ಹಾಗೇ ಇತ್ತು. ಮಡಿಸುವಾಗ ಮಾತ್ರ ಒಳಗಿನ ಪದರ ಬೆರಳಿಗೆ ತಣ್ಣಗೆ ತಾಗಿತು. ಅದು ಒದ್ದೆ ಎಂದು ನನಗೆ ಗೊತ್ತಾಯಿತು. ಗೊತ್ತಾಗಿಯೂ ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟು, ಮೇಲೆ ಹೂವು ಇಟ್ಟೆ.

ಬೆಳಗ್ಗೆ ಹೇಳೋಣವೆಂದುಕೊಂಡಿದ್ದೆ. ಬೆಳಗ್ಗೆ ಅಣ್ಣ ಅವಸರದಲ್ಲಿದ್ದ. ಬಿಸಿಲೇರಿ ಗಾಳಿ ಎದ್ದ ಮೇಲೆ ಔಷಧಿ ಹೊಡೆಯಲಾಗದು. ಹಿಂದಿನ ದಿನ ಹಬ್ಬಕ್ಕೆ ಕೆಲಸ ನಿಂತಿತ್ತು. ಗಂಡಿನವರು ಬರುವಷ್ಟರಲ್ಲಿ ಅವನು ಮನೆಯಲ್ಲಿ ಇರಬೇಕಿತ್ತು.

"ಪೆಟ್ಟಿಗೆ ಕೊಡಮ್ಮ ಬೇಗ. ಇವತ್ತು ಹತ್ತಕ್ಕೆಲ್ಲ ಬಂದ್ಬಿಡ್ತೀನಿ. ನೀನು ಮುಖಕ್ಕೆ ಅರಿಶಿನ ಬಳ್ಕೊಂಡು ಹಳದಿ ವಿಮಾನ ಆಗ್ಬೇಡ, ಅವ್ರು ಹೆದರ್ಕೊಂಡು ಹೋಗ್ತಾರೆ."

ನಾನು ನಕ್ಕೆ. ಪೆಟ್ಟಿಗೆ ಕೊಟ್ಟೆ. ಪೈಲಟ್ಟಿಗೆಂದು ಎಲೆಯಲ್ಲಿ ಸುತ್ತಿದ ನಾಲ್ಕು ಒಬ್ಬಟ್ಟನ್ನೂ ಕೊಟ್ಟೆ. ಶ್ಯಾಮಿಯ ಮಾತು ನಾಲಿಗೆಯವರೆಗೆ ಬಂದಿತ್ತು. ಹೇಳಿದರೆ ಬೈಯುತ್ತಾನೆ, ಒಳ್ಳೆಯ ದಿನ ಬೆಳಗ್ಗೆಯೇ ಬೈಸಿಕೊಳ್ಳುವುದು ಯಾಕೆ ಎನಿಸಿತು. ಅವನ ಸೈಕಲ್ಲು ಬೀದಿಯ ತಿರುವು ದಾಟುವವರೆಗೂ ಕೂಗಿ ಹೇಳಲು ಹೊತ್ತಿತ್ತು.

ಆ ದಿನದ ವಿಮಾನದ ಸದ್ದು ನನಗೆ ಈಗಲೂ ಕೇಳುತ್ತದೆ. ಮೊದಲ ಸುತ್ತು ಸರಿಯಾಗಿ ಹೋಗಿ ಬಂತು. ಮೊದಲ ಸುತ್ತಿಗೆ ಹಬ್ಬಕ್ಕೆ ಮುಂಚೆಯೇ ತುಂಬಿಟ್ಟ ಪೆಟ್ರೋಲಿತ್ತು ಎಂದು ಆಮೇಲೆ ತಿಳಿಯಿತು. ಇಳಿದ ಮೇಲೆ ಅಣ್ಣ ಶ್ಯಾಮಿಯ ಕಡೆ ಸರಿಯಾಗಿ ನೋಡದೆ ಡ್ರಮ್ಮಿನಿಂದ ಸೋಸಿ ಮತ್ತೆ ತುಂಬಿದ. ತುಂಬಿದ ಮೇಲೆ ಕಾಲು ಗಂಟೆ ಬಿಟ್ಟು, ಟ್ಯಾಂಕಿನ ತಳದಿಂದ ಒಂದು ಗಾಜಿನ ಲೋಟಕ್ಕೆ ಪೆಟ್ರೋಲು ಇಳಿಸಿ, ನೀರು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಆ ದಿನ ಕಾಲು ಗಂಟೆ ಬಿಡಲಿಲ್ಲ. ಗಾಳಿ ಏಳುತ್ತದೆಂದು ಪೈಲಟ್ಟಿಗೆ ಅವಸರ, ನಾನು ಕಾಯುತ್ತಿದ್ದೇನೆಂದು ಅಣ್ಣನಿಗೆ ಅವಸರ.

ನಾನು ಹಿತ್ತಲಲ್ಲಿ ತಲೆ ಒಣಗಿಸುತ್ತಿದ್ದೆ. ವಿಮಾನ ಎದ್ದ ಸದ್ದು ಬಂತು. ನಮ್ಮ ತೆಂಗಿನ ಮರದ ಎತ್ತರಕ್ಕೆ ಅದು ಕಾಣುವ ಹೊತ್ತಿಗೆ ಇಂಜಿನ್ನು ಒಮ್ಮೆ ಕೆಮ್ಮಿತು. ಮತ್ತೆ ಕೆಮ್ಮಿತು. ಆಮೇಲೆ ಸದ್ದೇ ಇಲ್ಲ. ಇಂಜಿನ್ನು ನಿಂತರೆ ಹಿಂದಕ್ಕೆ ತಿರುಗಿಸಬಾರದು, ಮುಂದೆ ಎಲ್ಲಿ ಬಯಲು ಸಿಗುತ್ತದೋ ಅಲ್ಲೇ ಇಳಿಸಬೇಕು ಎಂದು ಅಣ್ಣ ಹೇಳಿದ್ದ. ಹಿತ್ತಲಲ್ಲಿ ನಿಂತು ನಾನು, ಮುಂದೆ ಹೋಗು, ಮುಂದೆ ಹೋಗು ಎಂದು ಬಾಯಿಬಿಟ್ಟೇ ಹೇಳುತ್ತಿದ್ದೆ. ಆದರೆ ವಿಮಾನ ಎಡಕ್ಕೆ ತಿರುಗಿತು. ಒಂದು ರೆಕ್ಕೆ ಕೆಳಗಾಯಿತು. ಹೊಂಗೆ ಮರಗಳ ಹಿಂದೆ ಮರೆಯಾಯಿತು.

ಮುಂದಿನ ಬಯಲಿನಲ್ಲಿ, ಮುಂಚೆ ಬಿತ್ತಿದವರ ಹೊಲದಲ್ಲಿ, ಇಪ್ಪತ್ತು ಹೆಂಗಸರು ಕಡ್ಲೆಕಾಯಿ ಕೀಳುತ್ತಿದ್ದರು. ಅವರನ್ನು ನೋಡಿ ತಿರುಗಿಸಿದರೋ, ಗಾಬರಿಯಲ್ಲಿ ತಿರುಗಿಸಿದರೋ, ಹೇಳಬೇಕಾದವರು ಬದುಕಲಿಲ್ಲ. ಆ ಹೆಂಗಸರಲ್ಲಿ ಕೆಲವರು ಅನೇಕ ವರ್ಷ ಆ ಜಾಗದಲ್ಲಿ ದೀಪ ಹಚ್ಚುತ್ತಿದ್ದರು.

ಗಂಡಿನವರು ಅಂದು ಬರಲಿಲ್ಲ. ಸಾವಾದ ಸುದ್ದಿ ದಾರಿಯಲ್ಲೇ ಸಿಕ್ಕಿ ಹೊಸಕೋಟೆಯಿಂದಲೇ ಹಿಂದಿರುಗಿದರು. ಕತ್ತಲಾಗುವ ಮುಂಚೆ ಅಣ್ಣ ಬಂದ. ಜಗಲಿಯಲ್ಲಿ ಕುಳಿತು ಪೆಟ್ಟಿಗೆ ತೆರೆದು ಶ್ಯಾಮಿಯನ್ನು ಹೊರತೆಗೆದ. ಬೆರಳುಗಳ ನಡುವೆ ಹಿಡಿದು ಹಿಂಡಿದ. ಮೂಸಿ ನೋಡಿದ. ಪೆಟ್ರೋಲಿನ ವಾಸನೆಯ ಒಳಗೂ ಸೀಗೆಕಾಯಿ ಸಿಕ್ಕಿರಬೇಕು. ತಲೆ ಎತ್ತಿ ನನ್ನನ್ನು ನೋಡಿದ. ಕೋಪವಿದ್ದರೆ ನಾನು ಅಳುತ್ತಿದ್ದೆ, ಕಾಲು ಹಿಡಿಯುತ್ತಿದ್ದೆ. ಅವನ ಮುಖದಲ್ಲಿ ಕೋಪವಿರಲಿಲ್ಲ.

"ಅನ್ನ ಇದ್ರೆ ಹಾಕು" ಎಂದ. ಹಾಕಿದೆ. ಉಣ್ಣಲಿಲ್ಲ.

ದೀಪಾವಳಿ ಕಳೆದ ಮೇಲೆ ವಿಚಾರಣೆಗೆ ಒಬ್ಬ ಸರ್ಕಾರಿ ಅಧಿಕಾರಿ ಬಂದರು. ಶೆಡ್ಡಿನಲ್ಲಿ ಎಲ್ಲರನ್ನೂ ಕೇಳಿ, ಪೆಟ್ಟಿಗೆ ಇಟ್ಟ ಜಾಗ ನೋಡಬೇಕೆಂದು ಮನೆಗೂ ಬಂದರು. ಜೊತೆಯಲ್ಲಿ ಬರೆದುಕೊಳ್ಳುವ ಗುಮಾಸ್ತರು, ಕಂಪನಿಯ ಮ್ಯಾನೇಜರು. ಜಗಲಿಯ ಮೇಲೆ ಚಾಪೆ ಹಾಕಿದೆವು. ನಾನು ಕಾಫಿಯ ತಟ್ಟೆ ಹಿಡಿದು ನಡುಮನೆಯ ಬಾಗಿಲಲ್ಲಿ ನಿಂತಿದ್ದೆ. ಅಧಿಕಾರಿ ಒಳ್ಳೆಯವರ ಹಾಗೆ ಕಂಡರು. ಶ್ಯಾಮಿಯನ್ನು ಮುಂದಿಟ್ಟು ಗದರಿಸದೆ ಕೇಳಿದರು.

"ನೋಡಪ್ಪ, ಈ ಚರ್ಮಕ್ಕೆ ಸೋಪೋ ಏನೋ ತಗಲಿದೆ. ಇದನ್ನ ಯಾರಾದ್ರೂ ತೊಳೆದ್ರಾ?"

ನಾಲ್ಕು ಹೆಜ್ಜೆ ಮುಂದೆ ಹೋಗಿ, ನಾನು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು.

"ನಾನೇ ತೊಳೆದೆ ಸಾರ್, ಹಬ್ಬಕ್ಕೆ" ಎಂದ ಅಣ್ಣ. ನನ್ನ ಕಡೆ ತಿರುಗಲಿಲ್ಲ.

"ಕೆಲಸ ಗೊತ್ತಿರೋನು ನೀನು. ನೀರು ಹಾಕಬಾರದು ಅಂತ ಗೊತ್ತಿಲ್ವಾ?"

"ಗೊತ್ತಿತ್ತು ಸಾರ್. ಬುದ್ಧಿ ಕೆಟ್ಟಿತ್ತು."

ಮ್ಯಾನೇಜರು ಮೆಲ್ಲಗೆ ಉಸಿರು ಬಿಟ್ಟದ್ದು ಕೇಳಿಸಿತು. ಗುಮಾಸ್ತರು ಬರೆದುಕೊಂಡರು. ಅಣ್ಣ ಸಹಿ ಹಾಕಿದ. ನಾನು ಕಾಫಿ ಕೊಟ್ಟೆ.

ಯಾಕೆ ಸುಮ್ಮನಿದ್ದೆ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೆಣ್ಣುಮಗಳು ನಾಲ್ಕು ಜನ ಗಂಡಸರ ಮುಂದೆ ಮಾತಾಡುವ ಕಾಲವಲ್ಲ ಎನ್ನಬಹುದು. ಹೆದರಿದ್ದೆ ಎನ್ನಬಹುದು. ನಿಜ ಇಷ್ಟೇ. ಅನುಗೊಂಡನಹಳ್ಳಿಯವರು ಮತ್ತೆ ಬರುತ್ತೇವೆ ಎಂದು ಹೇಳಿ ಕಳಿಸಿದ್ದರು. ಒಂದು ಜೀವ ತೆಗೆದ ಹೆಣ್ಣು ಎಂದು ಗೊತ್ತಾದರೆ ಯಾರು ಬರುತ್ತಾರೆ? ಬಾಗಿಲಲ್ಲಿ ನಿಂತಾಗ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಪೈಲಟ್ಟಿನ ಮುಖವೂ ಇರಲಿಲ್ಲ, ಅಣ್ಣನ ಗತಿಯೂ ಇರಲಿಲ್ಲ.

ಅಣ್ಣನನ್ನು ಕೆಲಸದಿಂದ ತೆಗೆದರು. ಆಮೇಲೆ ಯಾವ ಇಂಜಿನ್ನಿನ ಹತ್ತಿರವೂ ಅವನನ್ನು ಯಾರೂ ಬಿಟ್ಟುಕೊಳ್ಳಲಿಲ್ಲ, ಹಳೆಯ ಲಾರಿ ಶೆಡ್ಡಿನವರು ಕೂಡ. ದೊಡ್ಡಬಳ್ಳಾಪುರದಲ್ಲಿ ಮಗ್ಗದವರ ನೂಲಿನ ಮೂಟೆ ಹೊರುವ ಕೆಲಸಕ್ಕೆ ಸೇರಿದ. ಊರಿನಲ್ಲಿ ಅವನಿಗೆ ಬೇರೆ ಹೆಸರೇ ಬಂತು. "ವಿಮಾನ ಬೀಳ್ಸಿದೋನು ಬಂದ ನೋಡ್ರಲಾ, ಸೈಕಲ್ಲು ಒಳಗೆ ಇಟ್ಕೊಳ್ಳಿ, ಅದನ್ನೂ ತೊಳೆದ್ಬಿಟ್ಟಾನು" ಎಂದು ಅರಳಿಕಟ್ಟೆಯಲ್ಲಿ ಕೂತವರು ರೇಗಿಸುತ್ತಿದ್ದರು. ಅವನಿಗೆ ಹೆಣ್ಣು ಕೊಡಲು ಯಾರೂ ಮುಂದೆ ಬರಲಿಲ್ಲ. ನನ್ನ ಮದುವೆ ಮಾಘದಲ್ಲಿ ನಡೆಯಿತು. ಧಾರೆಯ ಹೊತ್ತಿಗೆ ಅಪ್ಪನ ಜಾಗದಲ್ಲಿ ನಿಂತವನು ಅಣ್ಣನೇ.

ಮದುವೆಗೆ ಮುಂಚೆ ಪೈಲಟ್ಟಿನ ತಂದೆ ಒಮ್ಮೆ ಬಂದಿದ್ದರು. ಬಿಳಿ ಪಂಚೆಯ ವಯಸ್ಸಾದ ಮನುಷ್ಯ. ಮಗ ಬಿದ್ದ ಜಾಗ ನೋಡಿಕೊಂಡು, ಪೆಟ್ರೋಲು ತುಂಬಿದವನ ಮನೆ ಯಾವುದೆಂದು ಕೇಳಿಕೊಂಡು ಬಂದರು. ಅಣ್ಣ ಅವರ ಕಾಲಿಗೆ ಬಿದ್ದ. ಅವರು ಬೈಯಲಿಲ್ಲ. ಅರ್ಧ ತಮಿಳಿನಲ್ಲಿ, ಆ ದಿನ ಬೆಳಗ್ಗೆ ಮಗ ಏನಾದರೂ ತಿಂದಿದ್ದನೇ ಎಂದು ಕೇಳಿದರು. ಮೊದಲ ಸುತ್ತಿನಿಂದ ಇಳಿದ ಮೇಲೆ ಎರಡು ಒಬ್ಬಟ್ಟು ತಿಂದರು, ಇನ್ನೆರಡನ್ನು ಆಮೇಲೆ ತಿನ್ನುತ್ತೇನೆ ಎಂದು ಇಟ್ಟರು, ನನ್ನ ತಂಗಿ ಮಾಡಿದ್ದು ಎಂದ ಅಣ್ಣ. ಆ ಮುದುಕರು ನನ್ನ ತಲೆಯ ಮೇಲೆ ಕೈ ಇಟ್ಟು, "ನಲ್ಲಾ ಇರಮ್ಮ" ಎಂದು ಹರಸಿದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಪ್ರತಿ ವರ್ಷ ಗೌರಿ ಹಬ್ಬಕ್ಕೆ ಅಣ್ಣ ಬಾಗಿನ ತೆಗೆದುಕೊಂಡು ಅನುಗೊಂಡನಹಳ್ಳಿಗೆ ಬರುತ್ತಿದ್ದ. ಬಸ್ಸು ಇಳಿದು ನಡೆದು ಬರುವಾಗ ಅವನ ಒಂದು ಭುಜ ತಗ್ಗಾಗಿರುವುದು ದೂರದಿಂದಲೇ ಕಾಣುತ್ತಿತ್ತು. ಮೂಟೆ ಹೊತ್ತು ಹಾಗಾಗಿತ್ತು. ಮದುವೆಯಾಗಿ ಏಳೆಂಟು ವರ್ಷವಾದ ಮೇಲೆ, ಮನೆಯಲ್ಲಿ ಬೇರೆ ಯಾರೂ ಇಲ್ಲದ ಒಂದು ಮಧ್ಯಾಹ್ನ, ಎಲೆ ಹಾಕುತ್ತಾ ಹೇಳಿಯೇಬಿಟ್ಟೆ.

"ಅಣ್ಣ, ಆ ಶ್ಯಾಮಿ..."

"ಡ್ರಮ್ಮಲ್ಲಿ ನೀರಿತ್ತು ಕಣಮ್ಮ" ಎಂದು ತಡೆದ. "ಡ್ರಮ್ಮಲ್ಲಿ ನೀರಿಲ್ದಿದ್ರೆ ಶ್ಯಾಮಿ ಏನ್ಮಾಡ್ತಿತ್ತು? ಡ್ರಮ್ಮನ್ನ ಯಾವಾಗ್ಲೂ ಅಡ್ಡ ಮಲಗಿಸಿ ಇಡ್ಬೇಕು. ಪೂಜೆಗೆ ಚೆಂದ ಕಾಣ್ಲಿ ಅಂತ ನಾನೇ ಸಾಲಾಗಿ ನಿಲ್ಲಿಸಿ, ವಿಭೂತಿ ಬಳಿದು, ಹಾರ ಹಾಕಿದ್ದೆ. ಮಧ್ಯಾಹ್ನ ತುಂತುರು ಬಂತಲ್ಲ, ಮುಚ್ಚಳದ ಮೇಲೆ ನೀರು ನಿಂತಿರ್ತದೆ. ರಾತ್ರಿ ತಣ್ಣಗಾದಾಗ ಡ್ರಮ್ಮು ಅದನ್ನ ಒಳಕ್ಕೆ ಎಳ್ಕೊಳ್ತದೆ. ಬೆಳಗ್ಗೆ ಲೋಟಕ್ಕೆ ಇಳಿಸಿ ನೋಡ್ಲಿಲ್ಲ, ಅದೂ ನಾನೇ. ಉಪ್ಪಿನಕಾಯಿ ಇದೆಯಾ?"

ಉಪ್ಪಿನಕಾಯಿ ಬಡಿಸಿದೆ. ಅವನು ಹೇಳಿದ್ದೆಲ್ಲ ನಿಜವೇ. ಆದರೆ ಡ್ರಮ್ಮಿನಲ್ಲಿ ಎಷ್ಟು ನೀರಿದ್ದರೂ ತಡೆಯಲೆಂದೇ ಆ ಚರ್ಮವಿತ್ತು ಎಂದು ನನಗೆ ಹೇಳಿಕೊಟ್ಟವನೂ ಅವನೇ. ಕಾರಣ ಹುಡುಕಿಕೊಂಡು ಹೊಲಹೊಲ ಸುತ್ತುತ್ತಿದ್ದ ಮನುಷ್ಯ ಆ ದಿನ ನನ್ನನ್ನು ಬಿಟ್ಟು ಉಳಿದ ಕಾರಣಗಳನ್ನೆಲ್ಲ ಎಣಿಸಿದ. ನನಗೆ ಅದರಿಂದ ಸಮಾಧಾನವಾಯಿತು. ಸಮಾಧಾನವಾದದ್ದಕ್ಕೇ ಈಗ ನಾಚಿಕೆಯಾಗುತ್ತದೆ. ಮತ್ತೆ ನಾನು ಆ ಮಾತು ಎತ್ತಲಿಲ್ಲ. ಮೂರು ಗೌರಿ ಹಬ್ಬ ಕಳೆದ ಮೇಲೆ ಜ್ವರ ಬಂದು ಅಣ್ಣ ದೊಡ್ಡಬಳ್ಳಾಪುರದ ಬಾಡಿಗೆ ಕೋಣೆಯಲ್ಲಿ ತೀರಿಕೊಂಡ. ಅಕ್ಕಪಕ್ಕದವರು ಹೇಳಿ ಕಳಿಸಿ ನಾವು ಹೋಗುವಷ್ಟರಲ್ಲಿ ಮುಗಿದಿತ್ತು.

ಈಗ ನಮ್ಮ ಮನೆಯಲ್ಲಿ ಆಯುಧಪೂಜೆಗೆ ಕಾರು, ಬೈಕು, ಮಿಕ್ಸಿ ಎಲ್ಲವನ್ನೂ ತೊಳೆದು ಸಾಲಾಗಿ ಇಡುತ್ತಾರೆ. ಮೊನ್ನೆಯ ಹಬ್ಬದಲ್ಲಿ ಮೊಮ್ಮಗ ಯಾವುದೋ ಸಾಮಾನನ್ನು ನೀರಿಗೆ ಹಾಕಲು ಹೋದಾಗ ಅವನ ಅಪ್ಪ, ನನ್ನ ಮಗ, ನಗುತ್ತಾ, "ಲೇ, ನಮ್ಮ ಮಾವನ ಥರ ಎಲ್ಲಾನೂ ತೊಳೆದು ವಿಮಾನ ಬೀಳಿಸ್ಬೇಡ ಕಣೋ" ಎಂದ. ಆ ತಮಾಷೆ ನಮ್ಮ ಮನೆಗೂ ಬಂದು ಎಷ್ಟೋ ವರ್ಷವಾಗಿದೆ. ಪ್ರತಿ ಹಬ್ಬಕ್ಕೂ ಕೇಳಿದ್ದೇನೆ.

"ತೊಳೆದಿದ್ದು ಅವನಲ್ಲ, ನಾನು" ಎಂದೆ.

ಯಾರಿಗೂ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಎಲ್ಲರೂ ನನ್ನನ್ನೇ ನೋಡಿದರು. ಸೊಸೆ ಹತ್ತಿರ ಬಂದು, "ಬಿಡಿ ಅತ್ತೆ, ಎಷ್ಟು ಕಾಲ ಆಯ್ತು. ಈಗ ಯಾರು ಕೇಳ್ತಾರೆ?" ಎಂದು ನನ್ನ ಕೈಗೆ ಕುಂಕುಮದ ಬಟ್ಟಲು ಕೊಟ್ಟಳು.

ನಿಜ, ಯಾರೂ ಕೇಳುವುದಿಲ್ಲ. ಕೇಳಿದ್ದು ಒಂದೇ ಸಲ, ನಮ್ಮ ಮನೆಯ ಜಗಲಿಯ ಮೇಲೆ, ನನ್ನ ಕೈಯಲ್ಲಿ ಕಾಫಿಯ ತಟ್ಟೆ ಇದ್ದಾಗ. ಆ ಅಧಿಕಾರಿ ಇಲ್ಲ, ಗುಮಾಸ್ತರು ಬರೆದ ಕಾಗದ ಎಲ್ಲಿ ಗೆದ್ದಲು ಹಿಡಿದಿದೆಯೋ ತಿಳಿಯದು. ಅದರಲ್ಲಿ ನನ್ನ ಅಣ್ಣ ಸಹಿ ಹಾಕಿದ ಒಂದು ಸಾಲು ತಪ್ಪಾಗಿದೆ. ಆ ಚರ್ಮವನ್ನು ಸೀಗೆಕಾಯಿ ಹಾಕಿ ಮೂರು ಸಲ ತೊಳೆದವಳು ನಾನು. ಅದು ಒದ್ದೆಯಾಗಿದೆ ಎಂದು ನನ್ನ ಬೆರಳಿಗೆ ಗೊತ್ತಿತ್ತು.